ಸಂಜೆ ಪೇಪರ್ ತರೋಷ್ಟರಲ್ಲಿ ಕೊಲೆ!

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. 1908ರ ಡಿಸೆಂಬರ್ 21, ಸಂಜೆ ಏಳು ಗಂಟೆ. ಕೆಲಸದ ಹುಡುಗಿ ಸಂಜೆ ಪೇಪರ್ ತರಲು ಹೋಗಿದ್ದು ಹತ್ತೇ ನಿಮಿಷ. ಅಷ್ಟರಲ್ಲಿ 82 ವರ್ಷದ ಮುದುಕಿ ಮರಿಯನ್ ಗಿಲ್‌ಕ್ರಿಸ್ಟ್ ತಲೆ ಜಜ್ಜಿಸಿಕೊಂಡು ಬಿದ್ದಿದ್ದಳು. ಸದ್ದು ಕೇಳಿ ಕೆಳಗಿನ ಮನೆಯಾತ ಬಾಗಿಲಿಗೆ ಬಂದಿದ್ದ. ಹುಡುಗಿ ಬೀಗ ತೆಗೆದಳು. ಒಳಗಿಂದ ಒಬ್ಬ ಆಸಾಮಿ ಸಭ್ಯಸ್ಥನ ಹಾಗೆ ನಡೆದು ಬಂದವನೇ ಇಬ್ಬರ ಕಣ್ಣೆದುರೇ ಮೆಟ್ಟಿಲಿಳಿದು ಪರಾರಿ!

ಮನೆ ತುಂಬ ಒಡವೆ. ಹೋದದ್ದು ಒಂದೇ ಒಂದು ವಜ್ರದ ಬ್ರೋಚು. ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿ ಬ್ರೋಚು ಗಿರವಿ ಇಟ್ಟಿದ್ದಾನೆಂದು ಪೊಲೀಸರು ಅವನ ಬೆನ್ನು ಹತ್ತಿದರು. ಆ ಗಿರವಿಯೋ ಕೊಲೆಗೆ ತಿಂಗಳು ಮುಂಚಿನದು, ಬ್ರೋಚೂ ಬೇರೆ! ಆದರೂ 1909ರಲ್ಲಿ ಗಲ್ಲು ಶಿಕ್ಷೆ, ಕೊನೇ ಗಳಿಗೆಯಲ್ಲಿ ಜೀವಾವಧಿ.

ಆಗ ಕೈ ಹಾಕಿದವರು ಷರ್ಲಾಕ್ ಹೋಮ್ಸನ ಜನಕ ಕಾನನ್ ಡಾಯ್ಲ್. ಬಾಗಿಲು ಮುರಿದಿಲ್ಲ, ಅಂದ್ರೆ ಮುದುಕಿಯೇ ತೆಗೆದಿರಬೇಕು. ಒಡವೆ ಬಿಟ್ಟು ಕಾಗದಪತ್ರದ ಪೆಟ್ಟಿಗೆ ಒಡೆದದ್ದೇಕೆ? ಉಯಿಲಿಗಾಗಿಯೇ? 1912ರಲ್ಲಿ ಪುಸ್ತಕವನ್ನೇ ಬರೆದರು. ಆ ರಾತ್ರಿ ಹುಡುಗಿ ಬೇರೊಬ್ಬನ ಹೆಸರು ಹೇಳಿದ್ದಳು ಅಂತ ಟ್ರೆಂಚ್ ಎಂಬ ಪೊಲೀಸ್ ಅಧಿಕಾರಿ ಬಾಯಿಬಿಟ್ಟ. 1914ರಲ್ಲಿ ಅವನ ನೌಕರಿಯೇ ಹೋಯ್ತು.

ಸ್ಲೇಟರ್ ಜೈಲಿನಿಂದ ಹೊರಬಂದದ್ದು 1927ರಲ್ಲಿ. ಮಾರನೇ ವರ್ಷ ಶಿಕ್ಷೆ ರದ್ದಾಯ್ತು, ಕೈಗೆ ಬಂದದ್ದು 6,000 ಪೌಂಡು. ಹದಿನೆಂಟು ವರ್ಷದ ಬೆಲೆ ಅಷ್ಟೇ!

ಹಂತಕ ಸಿಗಲೇ ಇಲ್ಲ. ಬಂಧುವೇ ಕೊಂದ, ಅಲ್ಲ ಕಳ್ಳನೇ ಕೊಂದ ಅಂತ ಹವ್ಯಾಸಿ ಪತ್ತೇದಾರರು ಇಂದಿಗೂ ಬಡಿದಾಡುತ್ತಾರೆ. ಎಲ್ಲರೂ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: ಒಳಗಿಂದ ಬಂದ ಆಸಾಮಿಯನ್ನು ಕಂಡ ಆ ಹುಡುಗಿ ಕೂಗಿಕೊಳ್ಳಲಿಲ್ಲ ಯಾಕೆ?