ಗಣಕಯಂತ್ರದ ಆರಂಭದಲ್ಲಿ ಪ್ರಾಮಾಣ್ಯನಿರ್ಣಯ

ತಾಳೆಯೋಲೆಯ ಗ್ರಂಥಗಳನ್ನು ಪರಿಷ್ಕರಿಸುವವರೂ, ಶಾಸನಪಾಠಗಳನ್ನು ನಿರ್ಣಯಿಸುವವರೂ, ನಿಘಂಟಿಗಾಗಿ ಪ್ರಯೋಗಗಳನ್ನು ಸಂಗ್ರಹಿಸುವವರೂ ಈಗ ತಮ್ಮ ಪರಿಶ್ರಮದ ಫಲವನ್ನು ಬಹುಮಟ್ಟಿಗೆ ಮೇಜಿನ ಮೇಲಣ ಗಣಕಯಂತ್ರದಲ್ಲಿಯೇ ಇಡುತ್ತಿರುವರು. ಯಂತ್ರವು ಪಾಸ್‌ವರ್ಡನ್ನು ಕೇಳುವುದರಿಂದ ಆ ನಿಧಿಯು ಸುರಕ್ಷಿತವೆಂಬ ನಂಬಿಕೆಯು ಸಾಮಾನ್ಯವಾಗಿರುವುದು. ಆದರೆ ಪಾಸ್‌ವರ್ಡನ್ನು ಕೇಳುವುದಕ್ಕೆ ಮುಂಚೆಯೇ ಯಂತ್ರವು ಬೇರೊಂದು ಲೇಖವನ್ನು ಓದಿ ಅದರ ಆಜ್ಞೆಯಂತೆ ನಡೆದಿರುತ್ತದೆ. ಆ ಲೇಖಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಆಶ್ರಯಿಸಿದ ರಕ್ಷಣೆಯ ಕ್ರಮವೇನು, ಆ ಕ್ರಮದಲ್ಲಿ ಎಡವಿದರೆ ಒದಗುವ ಹಾನಿ ಯಾವುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಲಾಗುವುದು.

ಫರ್ಮ್‌ವೇರ್ ಎಂಬುದು ಮದರ್‌ಬೋರ್ಡಿನ ಮೇಲಣ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಆಜ್ಞಾಸಮೂಹ. ವಿದ್ಯುತ್ತು ಹರಿದೊಡನೆ ಯಂತ್ರದ ಅಂಗಗಳನ್ನು ಎಚ್ಚರಿಸಿ, ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್ ವ್ಯವಸ್ಥೆಗೆ ಅಧಿಕಾರವನ್ನು ಒಪ್ಪಿಸುವುದು ಇದರ ಕೆಲಸ. ೧೯೮೧ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿ ಇದಕ್ಕೆ ಬಯಾಸ್ ಎಂಬ ಹೆಸರಿದ್ದಿತು. ೨೦೦೫ರಲ್ಲಿ ಸ್ಥಾಪಿತವಾದ ಯುಇಎಫ್‌ಐ ಫೋರಮ್ ಎಂಬ ಮಂಡಲಿಯ ನಿಯಮಾವಳಿಯು ಕ್ರಮೇಣ ಅದರ ಸ್ಥಾನವನ್ನು ಪಡೆಯಿತು. ರೂಢಿಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿರುವುದು.

ಈ ಲೇಖವು ಕೆಡಬಹುದೆಂಬುದು ಕೇವಲ ಊಹೆಯಲ್ಲ. ೧೯೯೯ರ ಏಪ್ರಿಲ್ ೨೬ರಂದು ಸಿಐಎಚ್ ಎಂಬ ವೈರಸ್ ಅನೇಕ ಯಂತ್ರಗಳ ಡಿಸ್ಕುಗಳನ್ನು ಹಾಳುಮಾಡಿದುದಲ್ಲದೆ ಕೆಲವುಗಳ ಬಯಾಸನ್ನೂ ಅಳಿಸಿ ಅವು ಮರಳಿ ಏಳದಂತೆ ಮಾಡಿತು. ೨೦೧೮ರಲ್ಲಿ ಬೆಳಕಿಗೆ ಬಂದ ಲೋಜ್ಯಾಕ್ಸ್ ಎಂಬುದು ಇನ್ನೂ ಕುಟಿಲವಾದುದು. ಅದು ಫರ್ಮ್‌ವೇರಿನಲ್ಲಿಯೇ ಅಡಗಿದ್ದು, ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದರೂ, ಡಿಸ್ಕನ್ನೇ ಬದಲಾಯಿಸಿದರೂ ಮತ್ತೆ ತಲೆಯೆತ್ತುತ್ತಿದ್ದಿತು. ಮೂಲಪ್ರತಿಯಲ್ಲಿ ಪ್ರಕ್ಷೇಪವು ಸೇರಿದ್ದರೆ ಅದನ್ನು ನೋಡಿ ಬರೆದ ಪ್ರತಿಗಳೆಲ್ಲವೂ ದೂಷಿತವಾಗುವುವಷ್ಟೆ, ಇದೂ ಹಾಗೆಯೇ.

ಇಂತಹ ಕೇಡುಗಳಲ್ಲಿ ಒಂದು ಬಗೆಯನ್ನು ತಡೆಯಲು ೨೦೧೧ರ ಯುಇಎಫ್‌ಐ ನಿಯಮಾವಳಿಯಲ್ಲಿ ಸೆಕ್ಯೂರ್ ಬೂಟ್ ಎಂಬ ವಿಧಾನವು ಸೇರಿತು. ಅದರ ತತ್ತ್ವವಿದು: ತನ್ನ ತರುವಾಯ ಓಡತಕ್ಕ ಲೇಖದ ಮೇಲೆ ಅಂಗೀಕೃತನಾದವನ ಸಹಿಯಿದ್ದರೆ ಮಾತ್ರ ಫರ್ಮ್‌ವೇರ್ ಅದಕ್ಕೆ ಅಧಿಕಾರವನ್ನು ಕೊಡುವುದು. ಈ ಸಹಿಯು ಗಣಿತರೂಪವಾದುದು. ಲೇಖದಲ್ಲಿ ಒಂದಕ್ಷರವು ವ್ಯತ್ಯಾಸವಾದರೂ ಅದು ಹೊಂದುವುದಿಲ್ಲ. ಅಂಗೀಕೃತರ ಪಟ್ಟಿಯೊಂದು, ಬಹಿಷ್ಕೃತವಾದವುಗಳ ಪಟ್ಟಿಯೊಂದು, ಆ ಪಟ್ಟಿಗಳನ್ನು ತಿದ್ದಲು ಅಧಿಕಾರವುಳ್ಳ ಕೀಲಿಗಳು, ಅವೆಲ್ಲಕ್ಕೂ ಮೇಲೆ ಯಂತ್ರನಿರ್ಮಾಪಕನ ಮೂಲಕೀಲಿ ಎಂದು ನಾಲ್ಕು ಅಂಗಗಳು ಇದರಲ್ಲಿರುವುವು.

ಇಲ್ಲಿ ದರ್ಶನಶಾಸ್ತ್ರವನ್ನು ಬಲ್ಲವರಿಗೆ ಒಂದು ಶಂಕೆಯು ಹುಟ್ಟುವುದು ಸಹಜ. ಒಂದು ಜ್ಞಾನದ ಪ್ರಾಮಾಣ್ಯವು ಅನ್ಯದಿಂದ ತಿಳಿಯತಕ್ಕದ್ದೆಂದು ನೈಯಾಯಿಕರು ಹೇಳಿದರೆ, ಆ ಅನ್ಯಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು ಬೇಕಾಗಿ ಅನವಸ್ಥೆಯು ಒದಗುವುದೆಂದು ಮೀಮಾಂಸಕರು ಆಕ್ಷೇಪಿಸಿದರು. ವಿಂಡೋಸಿಗೆ ಸಹಿಯು ಪ್ರಮಾಣ, ಸಹಿಗೆ ಪಟ್ಟಿಯು ಪ್ರಮಾಣ, ಪಟ್ಟಿಗೆ ಮೂಲಕೀಲಿಯು ಪ್ರಮಾಣ, ಮೂಲಕೀಲಿಗೆ ಯಾವುದು? ಯಂತ್ರಶಿಲ್ಪಿಗಳು ಆ ಪರಂಪರೆಯನ್ನು ಅಲ್ಲಿಯೇ ನಿಲ್ಲಿಸಿರುವರು. ಮೂಲಕೀಲಿಯು ಪರೀಕ್ಷೆಯಿಲ್ಲದೆ ನಂಬತಕ್ಕದ್ದು. ಆದುದರಿಂದಲೇ ಅದು ದುಷ್ಟವಾದರೆ ಸರ್ವವೂ ದುಷ್ಟ. ೨೦೨೪ರಲ್ಲಿ ಪಿಕೆಫೇಲ್ ಎಂಬ ಹೆಸರಿನಿಂದ ಪ್ರಕಟವಾದ ದೋಷವು ಇದಕ್ಕೆ ನಿದರ್ಶನ. ಪರೀಕ್ಷೆಗೆಂದು ಮಾತ್ರ ಮಾಡಿದ್ದ, ನಂಬಬೇಡಿರೆಂಬ ಎಚ್ಚರಿಕೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದ್ದ ಮೂಲಕೀಲಿಯು ನೂರಾರು ಮಾದರಿಯ ಯಂತ್ರಗಳಲ್ಲಿ ಹಾಗೆಯೇ ಉಳಿದುಹೋಗಿದ್ದಿತು. ಅದರ ಗುಪ್ತಭಾಗವೂ ಹೊರಬಿದ್ದಿದ್ದಿತು. ೨೦೨೩ರಲ್ಲಿ ಪತ್ತೆಯಾದ ಬ್ಲ್ಯಾಕ್‌ಲೋಟಸ್ ಎಂಬುದಾದರೋ ಸಹಿಯುಳ್ಳ, ಆದರೆ ದೋಷವಿದ್ದ ಹಳೆಯ ಲೇಖವನ್ನೇ ಬಳಸಿಕೊಂಡು ಸೆಕ್ಯೂರ್ ಬೂಟನ್ನು ದಾಟಿತು. ಸಹಿಯು ಕರ್ತೃವನ್ನು ತಿಳಿಸುವುದೇ ಹೊರತು ನಿರ್ದೋಷತ್ವವನ್ನು ತಿಳಿಸದು. ಬಹಿಷ್ಕೃತಪಟ್ಟಿಯನ್ನು ಆಗಾಗ ನವೀಕರಿಸಬೇಕಾದುದು ಇದರಿಂದಲೇ. ಮೈಕ್ರೋಸಾಫ್ಟಿನ ೨೦೧೧ರ ಪ್ರಮಾಣಪತ್ರಗಳಿಗೆ ೨೦೨೬ರಲ್ಲಿ ಅವಧಿಯು ಮುಗಿಯುವಂತೆ ಗೊತ್ತುಮಾಡಿದ್ದು, ಅವುಗಳ ಸ್ಥಾನಕ್ಕೆ ೨೦೨೩ರ ಪತ್ರಗಳನ್ನು ತರುವುದೂ ನವೀಕರಣದ ಮೂಲಕವೇ.

ಇನ್ನು ಅನುಷ್ಠಾನಕ್ರಮ. ಮೊದಲು ಎಲ್ಲ ಗ್ರಂಥಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು ಅದನ್ನು ಯಂತ್ರದಿಂದ ಬೇರ್ಪಡಿಸಿಡಬೇಕು. ಬಳಿಕ ವಿಂಡೋಸಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಎಂಬುದನ್ನು ತೆರೆದರೆ ಬಯಾಸಿನ ರೀತಿಯೂ ಸೆಕ್ಯೂರ್ ಬೂಟಿನ ಸ್ಥಿತಿಯೂ ಕಾಣುವುವು. ರೀತಿಯು ಲೆಗಸಿ ಎಂದಿದ್ದರೆ ಡಿಸ್ಕಿನ ವಿಭಾಗಪದ್ಧತಿಯನ್ನು ಜಿಪಿಟಿಗೆ ಮಾರ್ಪಡಿಸಿದ ತರುವಾಯವೇ ಯುಇಎಫ್‌ಐ ರೀತಿಗೆ ಹೊರಳಬೇಕು. ಕ್ರಮವನ್ನು ತಿರುಗಿಸಿದರೆ ವಿಂಡೋಸ್ ಏಳುವುದಿಲ್ಲ. ಫರ್ಮ್‌ವೇರಿನ ಹೊಸ ಆವೃತ್ತಿಯನ್ನು ನಿರ್ಮಾಪಕನಿಂದಲೇ ಪಡೆಯತಕ್ಕದ್ದು. ಏಕೆಂದರೆ ಸೆಕ್ಯೂರ್ ಬೂಟ್ ತನ್ನ ಮುಂದಿನದನ್ನು ಪರೀಕ್ಷಿಸುವುದೇ ಹೊರತು ತನಗೆ ಆಶ್ರಯವಾದ ಫರ್ಮ್‌ವೇರನ್ನು ಪರೀಕ್ಷಿಸಲಾರದು. ಅದನ್ನು ಬರೆಯುತ್ತಿರುವಾಗ ವಿದ್ಯುತ್ತು ನಿಲ್ಲಕೂಡದು. ಆಮೇಲೆ ಯಂತ್ರವನ್ನು ಹಚ್ಚಿದೊಡನೆ ಡಿಲೀಟ್ ಅಥವಾ ಎಫ್ ೨ ಕೀಲಿಯನ್ನೊತ್ತಿ, ಹಲವು ಯಂತ್ರಗಳಲ್ಲಿ ಇದೇ ರೂಢಿ, ಸೆಟಪ್ಪಿನೊಳಗೆ ಹೋಗಿ, ಸೆಕ್ಯೂರ್ ಬೂಟನ್ನು ಚಾಲನೆಗೆ ತಂದು, ಹೊರಗಿನ ಯುಎಸ್‌ಬಿಯಿಂದ ಯಂತ್ರವು ಏಳದಂತೆ ಮಾಡಿ, ಆ ಸೆಟಪ್ಪಿಗೇ ಒಂದು ಪಾಸ್‌ವರ್ಡನ್ನು ಇಡಬೇಕು.

ಇಷ್ಟರಿಂದಲೇ ಗ್ರಂಥವು ರಕ್ಷಿತವಾಯಿತಲ್ಲವೆ ಎಂದರೆ, ಇಲ್ಲ. ಅನೇಕ ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ಗುಂಡಿಯಾಕಾರದ ಬ್ಯಾಟರಿಯನ್ನು ತೆಗೆದರೆ ಸೆಟಪ್ಪಿನ ಪಾಸ್‌ವರ್ಡ್ ಅಳಿದುಹೋಗುವುದು. ಡಿಸ್ಕನ್ನು ಕಿತ್ತು ಬೇರೊಂದು ಯಂತ್ರಕ್ಕೆ ಸೇರಿಸಿದರೆ ಅದರಲ್ಲಿರುವುದನ್ನೆಲ್ಲ ಓದಬಹುದು. ಸೆಕ್ಯೂರ್ ಬೂಟ್ ಆರಂಭದ ಶುದ್ಧಿಗೆ ಕಾವಲು, ಸಂಪತ್ತಿಗಲ್ಲ. ಸಂಪತ್ತಿಗೆ ಬಿಟ್‌ಲಾಕರಿನಂತಹ ಗೂಢಲಿಪೀಕರಣವು ಬೇಕು. ಅದರ ಕೀಲಿಯನ್ನು ಟಿಪಿಎಂ ಎಂಬ ಅಂಗವು ಕಾಯುವುದು. ಆರಂಭಕ್ರಮವು ಹಿಂದಿನಂತೆಯೇ ಇದ್ದರೆ ಕೀಲಿಯನ್ನು ಕೊಡುವುದು, ವ್ಯತ್ಯಾಸವನ್ನು ಕಂಡರೆ ಕೊಡದು.

ಅಪಾಯವಿರುವುದು ಇಲ್ಲಿಯೇ. ಸೆಕ್ಯೂರ್ ಬೂಟನ್ನು ಒಡೆಯನೇ ಬದಲಾಯಿಸಿದರೂ, ಮದರ್‌ಬೋರ್ಡು ಕೆಟ್ಟು ಹೊಸದನ್ನು ಹಾಕಿಸಿದರೂ ಟಿಪಿಎಂ ಅದನ್ನು ವ್ಯತ್ಯಾಸವೆಂದೇ ಎಣಿಸುವುದು. ಆಗ ಬಿಟ್‌ಲಾಕರ್ ೪೮ ಅಂಕಿಗಳ ಪುನಃಪ್ರಾಪ್ತಿ ಸಂಖ್ಯೆಯನ್ನು ಕೇಳುವುದು. ಆ ಸಂಖ್ಯೆಯೂ ಗ್ರಂಥಗಳ ಬೇರೆ ಪ್ರತಿಯೂ ಇಲ್ಲದವನಿಗೆ ಹತ್ತು ವರ್ಷಗಳ ಪಾಠಶೋಧನವೂ ಕಣ್ಣೆದುರಿಗೇ ಇದ್ದು ಓದಲಾಗದಂತಾಗುವುದು. ಕಳ್ಳನಿಗೆ ಹಾಕಿದ ಬೀಗವು ಒಡೆಯನನ್ನೇ ಹೊರಗೆ ನಿಲ್ಲಿಸುವುದು. ಕೆಲವು ಯಂತ್ರಗಳಲ್ಲಿ ವಿಂಡೋಸ್ ತಾನಾಗಿಯೇ ಗೂಢಲಿಪೀಕರಣವನ್ನು ಮಾಡಿರುವುದರಿಂದ ಒಡೆಯನಿಗೆ ಬೀಗವಿರುವ ಸಂಗತಿಯೇ ತಿಳಿಯದಿರುವುದೂ ಉಂಟು. ಆದಕಾರಣ ಸೆಟಪ್ಪನ್ನೂ ಫರ್ಮ್‌ವೇರನ್ನೂ ಮುಟ್ಟುವುದಕ್ಕೆ ಮೊದಲು ಬಿಟ್‌ಲಾಕರ್ ಇದೆಯೇ ಎಂದು ನೋಡಿ, ಇದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ೪೮ ಅಂಕಿಗಳನ್ನು ಕಾಗದದ ಮೇಲೆ ಬರೆದು, ಎರಡು ಸಲ ಒಪ್ಪಿಟ್ಟು ನೋಡಿ, ಯಂತ್ರವಿರುವ ಕೊಠಡಿಯಲ್ಲಲ್ಲದೆ ಬೇರೆ ಸ್ಥಳದಲ್ಲಿಡತಕ್ಕದ್ದು.

ಓಲೆಯ ಕಟ್ಟನ್ನು ಹುಳುವಿನಿಂದ ಕಾಪಾಡಿದಂತೆಯೇ ಅದನ್ನು ಓದಬಲ್ಲವರಿಗೆ ದೊರೆಯುವಂತೆ ಇಡುವುದೂ ರಕ್ಷಣೆಯ ಭಾಗವೇ. ಯಂತ್ರದ ವಿಷಯದಲ್ಲಿಯೂ ಬೀಗವನ್ನು ಹಾಕುವುದು ಅರ್ಧಕಾರ್ಯ. ಕೀಲಿಯನ್ನು ಕಾಪಾಡಿದಾಗಲೇ ಅದು ಪೂರ್ಣವಾಗುವುದು.