ಮಡಿಲು ಒಂದು, ಕೂಸು ಎರಡು

ಭಾದ್ರಪದದ ಮೋಡ ಚದುರಿ ಆಶ್ವಯುಜ ಕಾಲಿಟ್ಟಿತೆಂದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೆಲಸವೋ ಕೆಲಸ. ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಕೆಳಗಿಳಿಯಬೇಕು, ಮನೆ ಸಾರಿಸಬೇಕು, ಹೊಲದ ರಾಗಿಯ ಮೇಲೊಂದು ಕಣ್ಣಿಡಬೇಕು. ಹಗಲೆಲ್ಲ ಚುರುಗುಟ್ಟುವ ಬಿಸಿಲು, ಇಳಿಹೊತ್ತಿಗೆ ಹಸ್ತ, ಚಿತ್ತೆ ಮಳೆಗಳ ಗುಡುಗು, ಬೆಳಗಿನ ಜಾವಕ್ಕೆ ಕಂಬಳಿ ಎಳೆದುಕೊಳ್ಳುವಂಥ ತಂಪು. ಒಂದೇ ದಿನದಲ್ಲಿ ಮೂರು ಕಾಲಗಳನ್ನು ತೋರಿಸುವ ಈ ಶರದೃತು ಕವಿಗಳಿಗೆ ಎಷ್ಟು ಪ್ರಿಯವೋ, ಹಸುಗೂಸಿರುವ ಮನೆಯವರಿಗೆ ಅಷ್ಟೇ ಎಚ್ಚರದ ಕಾಲ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎರಡನೆಯ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಾಳೆ. ನವರಾತ್ರಿಯ ಪಾಡ್ಯದಂದು ಗಂಡುಕೂಸಿಗೆ ಹನ್ನೆರಡು ದಿನ. ಅದರ ಅಕ್ಕ ಪುಟ್ಟಿಗೆ ಎರಡೂವರೆ ವರ್ಷ. ಬಾಣಂತನದ ಯಜಮಾನಿಕೆ ಅಜ್ಜಿಯದು. ಒಂಬತ್ತನೆಯ ತರಗತಿಯಲ್ಲಿ ಓದುವ ಚಿಕ್ಕಮ್ಮನಿಗೆ ದಸರಾ ರಜೆ. ಅಪ್ಪ ಭಾನುವಾರಕ್ಕೊಮ್ಮೆ ಬಸ್ಸಿಳಿದು ಬರುವವನು. ಈ ಮನೆಯ ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಶಾಲೆಯ ವಿಜ್ಞಾನ ಪುಸ್ತಕದ ಹಲವು ಪಾಠಗಳು ಅಡಗಿವೆ. ಅವನ್ನು ಬಿಡಿಸಿ ನೋಡಿದರೆ ಎರಡು ಮಕ್ಕಳಿಗೂ ಲಾಭ, ತಾಯಿಗೂ ಲಾಭ.

ಮುದ್ದೆಯ ಗಣಿತ

ತಟ್ಟೆಗೆ ಬಡಿಸಿದ ರಾಗಿಮುದ್ದೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅದರಿಂದ ಮುರಿದ ತುತ್ತು ಮಾತ್ರ ಕ್ಷಣಾರ್ಧದಲ್ಲಿ ಆರುತ್ತದೆ. ಏಕೆ? ಒಂದು ಸೆಂಟಿಮೀಟರ್ ಬಾಹುವಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್, ಗಾತ್ರ 1 ಘನ ಸೆಂಟಿಮೀಟರ್. ಬಾಹು ಎರಡು ಸೆಂಟಿಮೀಟರ್ ಆದರೆ ಮೇಲ್ಮೈ 24, ಗಾತ್ರ 8. ಅಂದರೆ ಮೊದಲನೆಯದರಲ್ಲಿ ಒಂದು ಪಾಲು ಗಾತ್ರಕ್ಕೆ ಆರು ಪಾಲು ಮೇಲ್ಮೈ. ಎರಡನೆಯದರಲ್ಲಿ ಮೂರೇ ಪಾಲು. ಶಾಖ ಹೊರಹೋಗುವುದು ಮೇಲ್ಮೈಯಿಂದ. ಆದ್ದರಿಂದಲೇ ಸಣ್ಣ ವಸ್ತು ಬೇಗ ತಣ್ಣಗಾಗುತ್ತದೆ.

ಕೂಸಿನ ಮೈಗೂ ಇದೇ ಗಣಿತ. ತೂಕದ ಲೆಕ್ಕದಲ್ಲಿ ನೋಡಿದರೆ ದೊಡ್ಡವರಿಗಿಂತ ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ಚರ್ಮದ ಹರವು ಹಸುಗೂಸಿಗೆ. ಚಳಿಯಾದರೆ ದೊಡ್ಡವರು ಗಡಗಡ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತಾರೆ. ಕೂಸಿಗೆ ಹಾಗೆ ನಡುಗುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಪ್ರಕೃತಿ ಬೇರೆಯೇ ಏರ್ಪಾಟು ಮಾಡಿದೆ. ಹೆಗಲಮೂಳೆಗಳ ನಡುವೆ, ಕುತ್ತಿಗೆಯ ಸುತ್ತ, ಮೂತ್ರಪಿಂಡಗಳ ಬಳಿ ಕಂದು ಕೊಬ್ಬೆಂಬ ವಿಶೇಷ ಕೊಬ್ಬಿದೆ. ಅದು ಉರಿದು ಮೈ ಬಿಸಿಯಿಡುತ್ತದೆ. ಆದರೆ ಆ ಉಗ್ರಾಣ ಚಿಕ್ಕದು.

ಹಾಗಾಗಿ ಎಣ್ಣೆ ನೀರಿನ ಸ್ನಾನವಾದ ಕೂಡಲೇ ಒದ್ದೆ ಒರೆಸುವುದು ಮುಖ್ಯ. ನೀರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಬೆಳಗಿನ ಜಾವದ ತಂಪಿಗೆ ಕುಲಾವಿ ಬೇಕು. ಮಧ್ಯಾಹ್ನದ ಬಿಸಿಲಿಗೂ ಅದೇ ಉಣ್ಣೆಯ ಕುಲಾವಿ, ಮೇಲೆರಡು ದುಪ್ಪಟಿ ಎಂದರೆ ಕೂಸು ಬೆವರಿ ಬೇಯುತ್ತದೆ. ಅಂಗೈ ಅಂಗಾಲು ಮುಟ್ಟಿ ತೀರ್ಮಾನಿಸಬಾರದು, ಅವು ಸಹಜವಾಗಿಯೇ ತುಸು ತಣ್ಣಗಿರುತ್ತವೆ. ಎದೆ, ಹೊಟ್ಟೆ ಮುಟ್ಟಿ ನೋಡಬೇಕು.

ಎಲ್ಲಕ್ಕಿಂತ ಒಳ್ಳೆಯ ಹೊದಿಕೆ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಎದೆಗೆ ಚರ್ಮ ತಾಗುವಂತೆ ಕಟ್ಟಿ ಇಡಿಸಿದರು. ಕಾಂಗರೂ ಆರೈಕೆಯೆಂದು ಜಗತ್ತೆಲ್ಲ ಅನುಸರಿಸುತ್ತಿರುವ ಪದ್ಧತಿ ಇದೇ. ತಾಯಿ ದಣಿದಾಗ ಅಪ್ಪನ ಎದೆಯೂ ಆದೀತು!

ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದು ನಮ್ಮ ಕಡೆಯ ವಾಡಿಕೆ. ಪರಿಮಳವೇನೋ ಹಿತ. ಆದರೆ ಹೊಗೆಯೆಂದರೆ ಸೂಕ್ಷ್ಮ ಕಣಗಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ತುಂಬಿದರೆ ಆ ಪುಟ್ಟ ಶ್ವಾಸಕೋಶಕ್ಕೆ ಅದು ದಂಡನೆ. ಮೃದುವಾದ ಬಟ್ಟೆಯಿಂದ ಕೂದಲು ಒರೆಸಿದರೆ ಅದೇ ಸಾಕು.

ಹಗಲು ಯಾವುದು, ಇರುಳು ಯಾವುದು?

“ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಅಳು” ಎಂಬುದು ಬಾಣಂತಿಯರ ಸಾಮಾನ್ಯ ದೂರು. ಇದು ಕೂಸಿನ ಹಟವಲ್ಲ. ಕತ್ತಲಾದಾಗ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ನಮ್ಮ ಮೆದುಳಿನಲ್ಲಿ ಸ್ರವಿಸುತ್ತದೆ. ಹಗಲು ಕಡಿಮೆ, ಇರುಳು ಹೆಚ್ಚು ಎಂಬ ಅದರ ಲಯ ಕೂಸಿನಲ್ಲಿ ಮೂಡಲು ಎರಡು ಮೂರು ತಿಂಗಳು ಬೇಕು. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಹೆಚ್ಚಿರುತ್ತದೆಂಬುದು ಸೋಜಿಗದ ಸಂಗತಿ. ಗಡಿಯಾರ ಓದಲು ಬಾರದ ಕೂಸಿಗೆ ತಾಯಿ ಹಾಲಿನಲ್ಲೇ ಹೊತ್ತು ತಿಳಿಸುತ್ತಾಳೆ!

ಉಳಿದ ಪಾಠ ಹೇಳುವುದು ಬೆಳಕು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹಗಲು ಇರುಳು ಹೆಚ್ಚುಕಡಿಮೆ ಸಮ. ಅಲ್ಲಿಂದ ಡಿಸೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರು, ಮೈಸೂರುಗಳಲ್ಲಿ ಹಗಲು ಮುಕ್ಕಾಲು ಗಂಟೆಯಷ್ಟು ಕುಗ್ಗುತ್ತದೆ. ಬಾಣಂತಿ ಕೋಣೆಯ ಕಿಟಕಿಗೆ ಹಗಲೂ ಕಂಬಳಿ ಕಟ್ಟಿದರೆ ಕೂಸಿಗೆ ಹಗಲೆಂಬುದೇ ಇಲ್ಲವಾದೀತು. ಬೆಳಿಗ್ಗೆ ಕಿಟಕಿ ತೆರೆದು ಬೆಳಕು ಬಿಡುವುದು, ಹಗಲಿನ ಮಾತುಕತೆ ಎಂದಿನಂತೆ ನಡೆಯುವುದು, ರಾತ್ರಿ ಮಂದ ದೀಪದಲ್ಲಿ ಮಾತಿಲ್ಲದೆ ಹಾಲೂಡಿಸುವುದು, ಇಷ್ಟು ಮಾಡಿದರೆ ಲಯ ತಾನಾಗಿ ಕೂಡಿಬರುತ್ತದೆ.

ಪುಟ್ಟಿಯ ದುಃಖ

ಈಗ ಪುಟ್ಟಿಯ ಕಡೆ ತಿರುಗೋಣ. ಎರಡು ತಿಂಗಳ ಹಿಂದೆ ಅವಳದೇ ಮನೆ, ಅವಳದೇ ಅಪ್ಪ, ಅವಳೊಬ್ಬಳದೇ ಅಮ್ಮ. ತವರಿಗೆ ಬಂದಮೇಲೆ ಮನೆ ಬದಲಾಯಿತು, ಅಪ್ಪ ವಾರಕ್ಕೊಮ್ಮೆಯ ಅತಿಥಿಯಾದ. ಈಗ ಮಡಿಲಲ್ಲಿ ಮತ್ತೊಬ್ಬ! ದೊಡ್ಡವರಿಗೆ ಇದು ಸಂತೋಷದ ಸುದ್ದಿ. ಅವಳ ಲೆಕ್ಕದಲ್ಲಿ ಎಲ್ಲವೂ ಕೈತಪ್ಪಿದ ಹಾಗೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮರುಕಳಿಸುತ್ತದೆ. ಸ್ಪಷ್ಟವಾಗಿ ಮಾತಾಡುತ್ತಿದ್ದವಳು ತೊದಲುತ್ತಾಳೆ. ತಾನೂ ತೊಟ್ಟಿಲಲ್ಲೇ ಮಲಗುವೆನೆಂದು ರಚ್ಚೆ ಹಿಡಿಯುತ್ತಾಳೆ. ಕೂಸಿನ ಕೆನ್ನೆ ಮುದ್ದಿಸಿದ ಮರುಕ್ಷಣವೇ ಚಿವುಟುತ್ತಾಳೆ.

ಇಂಥ ಮಕ್ಕಳನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಸಂಶೋಧಕಿಯರು 40 ಕುಟುಂಬಗಳ ಮನೆಗಳಿಗೇ ಹೋಗಿ ಕುಳಿತು ಗಮನಿಸಿದರು. 1982ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ತಾಯಿ ಕೂಸನ್ನು ಎತ್ತಿಕೊಂಡ, ಹಾಲೂಡಿಸುವ ಹೊತ್ತಿನಲ್ಲೇ ದೊಡ್ಡ ಮಗುವಿನ ತುಂಟಾಟ ಹೆಚ್ಚುತ್ತಿತ್ತು. ಅವರು ಕಂಡ ಇನ್ನೊಂದು ಸಂಗತಿ ಬಹಳ ಬೆಲೆಯುಳ್ಳದ್ದು. ಕೂಸನ್ನು ಒಂದು ವಸ್ತುವಿನಂತೆ ಕಾಣದೆ, ಅದಕ್ಕೂ ಹಸಿವು, ಆಸೆ, ಬೇಸರ ಉಂಟೆಂದು ಮೊದಲ ದಿನಗಳಿಂದಲೇ ದೊಡ್ಡ ಮಗುವಿಗೆ ಹೇಳುತ್ತ ಬಂದ ಮನೆಗಳಲ್ಲಿ, ವರ್ಷ ಕಳೆದ ಮೇಲೂ ಮಕ್ಕಳ ನಡುವೆ ಅಕ್ಕರೆ ಹೆಚ್ಚಾಗಿತ್ತು.

ನಮ್ಮಲ್ಲಿ ನಡೆಯುವುದೇನು? ನೋಡಲು ಬಂದವರೆಲ್ಲ ತೊಟ್ಟಿಲಿನತ್ತ ಧಾವಿಸುತ್ತಾರೆ. ಹೋಗುವಾಗ ಪುಟ್ಟಿಯ ಗಲ್ಲ ಹಿಡಿದು, “ತಮ್ಮ ಬಂದ, ಇನ್ನು ನಿನಗೆ ಅಮ್ಮ ಇಲ್ಲ ಬಿಡು” ಎಂದು ನಗುತ್ತಾರೆ. ಹೇಳಿದವರಿಗೆ ತಮಾಷೆ. ತಮಾಷೆಯೆಂದು ತಿಳಿಯದ ವಯಸ್ಸಿನವಳಿಗೆ ಅದು ಸತ್ಯ. ಇಂಥ ಮಾತನ್ನು ಅಜ್ಜಿ ಅಲ್ಲೇ ತಡೆಯಬೇಕು.

“ನೋಡು ಪುಟ್ಟಿ, ತಮ್ಮನಿಗೆ ಹೊಟ್ಟೆ ಹಸಿದಿದೆಯೇನೋ, ಏನು ಮಾಡೋಣ?” ಎಂದು ಕೇಳಿ ನೋಡಿ. ಅವಳು ಯೋಚಿಸುತ್ತಾಳೆ. ಬಟ್ಟೆ ತಂದುಕೊಡುವ, ತೊಟ್ಟಿಲು ಮೆಲ್ಲನೆ ತೂಗುವ ಕೆಲಸ ಅವಳದಾಗಲಿ. ಕೂಸು ಮಲಗಿದಾಗ ಹತ್ತು ನಿಮಿಷವಾದರೂ ಅಮ್ಮ ಅವಳೊಬ್ಬಳಿಗೇ ಸಿಗಲಿ. ಹಾಲೂಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಹೇಳಲಿ. ಅಪ್ಪ ಬಂದಾಗ ಮೊದಲು ಎತ್ತಿಕೊಳ್ಳಬೇಕಾದದ್ದು ಪುಟ್ಟಿಯನ್ನು. ಹನ್ನೆರಡು ದಿನದ ಕೂಸು ಬೇಸರಪಡುವುದಿಲ್ಲ, ಎರಡೂವರೆ ವರ್ಷದವಳು ಖಂಡಿತ ಪಡುತ್ತಾಳೆ.

ಹೀಗೆಂದು ಇಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಪ್ರೀತಿಯಿಂದಲೇ ಅವಳು ಕೂಸಿನ ಬಾಯಿಗೆ ಕಡಲೆಬೀಜ ಇಟ್ಟಾಳು! ಗೊಂಬೆ ಹಬ್ಬದ ಮನೆಯಲ್ಲಿ ಮಣಿ, ಗುಂಡಿ, ಚರ್ಪಿನ ಕಡಲೆ ಎಲ್ಲವೂ ಎಟಕುವಷ್ಟೇ ಎತ್ತರದಲ್ಲಿರುತ್ತವೆ. ಅವು ಪುಟ್ಟಿಯ ಗಂಟಲಿಗೂ ಅಪಾಯವೇ.

ಒಂದು ನಿಮಿಷದ ಎಣಿಕೆ

ಈ ಕಾಲದಲ್ಲಿ ನೆಗಡಿ ಕೆಮ್ಮು ಮನೆಮನೆ ಸುತ್ತುತ್ತವೆ. ಓಣಿಯ ಮಕ್ಕಳಿಂದ ಪುಟ್ಟಿಗೆ ಹತ್ತುವ ನೆಗಡಿ ತೊಟ್ಟಿಲಿಗೂ ತಲುಪಬಹುದು. ಪುಟ್ಟಿಗೆ ಮೂಗು ಸೋರಿ ನಿಲ್ಲುವ ಕಾಯಿಲೆ ಕೂಸಿನಲ್ಲಿ ನ್ಯುಮೋನಿಯಾ ಆಗಬಹುದು. ಕೂಸನ್ನು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯುವುದು, ನೆಗಡಿಯಾದ ನೆಂಟರು ದೂರದಿಂದಲೇ ನೋಡಿ ಹೋಗುವುದು ಒರಟುತನವಲ್ಲ, ವಿವೇಕ.

ಇಲ್ಲಿ ಚಿಕ್ಕಮ್ಮನಿಗೊಂದು ಕೆಲಸವಿದೆ. ಸೆಕೆಂಡಿನ ಮುಳ್ಳಿರುವ ಗಡಿಯಾರ ಹಿಡಿದು, ಶಾಂತವಾಗಿ ಮಲಗಿದ ಕೂಸಿನ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಕ್ಕಳಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಇವು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದ ಅಂಕಿಗಳು. ಹಸುಗೂಸು ಆಗಾಗ ಉಸಿರನ್ನು ತುಸು ನಿಲ್ಲಿಸಿ ಆಡಿಸುವುದುಂಟು. ಆದ್ದರಿಂದ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಾರದು. 60 ದಾಟಿದರೆ ಇನ್ನೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಬೇಕು.

ಹಾಲು ಕುಡಿಯದಿರುವುದು, ಉಸಿರೆಳೆದಾಗ ಪಕ್ಕೆ ಒಳಸೇದುವುದು, ಫಿಟ್ಸ್, ಮೈ ಸುಡುವುದು ಅಥವಾ ತಣ್ಣಗಾಗುವುದು, ಎಬ್ಬಿಸಿದರೂ ಏಳದ ಮಂಕು, ಅಂಗೈ ಅಂಗಾಲುಗಳೂ ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯುವಂತಿಲ್ಲ. ದೃಷ್ಟಿ ತೆಗೆಯುವುದು ಆಮೇಲೆ, 108ಕ್ಕೆ ಕರೆ ಮೊದಲು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಬಾರಿ ಭೇಟಿ ಕೊಡುವ ವ್ಯವಸ್ಥೆಯಿದೆ. ಸಂದೇಹಗಳನ್ನು ಅವರಲ್ಲಿ ಕೇಳಬೇಕು.

ಮಳೆ ನಿಂತ ಮೇಲೆ ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ನಿಂತ ನೀರು ಡೆಂಗಿಯ ಸೊಳ್ಳೆಗೆ ತವರುಮನೆ. ಈ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಹಗಲೂ ಸೊಳ್ಳೆ ಪರದೆ ಬೇಕು.

ಬಾಣಂತಿಯ ತಟ್ಟೆ, ಬಾಣಂತಿಯ ಮನಸ್ಸು

ಎರಡು ಮಕ್ಕಳ ಭಾರ ಹೊತ್ತವಳು ಒಬ್ಬಳೇ ತಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹೀಗಿರುವಾಗ ಪಥ್ಯದ ಹೆಸರಿನಲ್ಲಿ ಸೊಪ್ಪು, ಬೇಳೆ, ಹಣ್ಣುಗಳನ್ನೆಲ್ಲ ದೂರವಿಡುವುದು ಎಷ್ಟು ಸರಿ? ನೀರು ಕುಡಿದರೆ ಕೂಸಿಗೆ ಶೀತವೆಂಬ ನಂಬಿಕೆಗೂ ಆಧಾರವಿಲ್ಲ. ಹಾಲಿನ ಬಹುಪಾಲು ನೀರೇ ಅಲ್ಲವೇ? ಅಜ್ಜಿಯ ಮೆಂತ್ಯ, ಬೆಳ್ಳುಳ್ಳಿ, ತುಪ್ಪ ಇರಲಿ. ಜೊತೆಗೆ ಮೊಳಕೆಕಾಳು, ನುಗ್ಗೆಸೊಪ್ಪೂ ತಟ್ಟೆಗೆ ಬರಲಿ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ ತಪ್ಪಬಾರದು.

ಕೂಸಿಗೆ ಆರು ತಿಂಗಳು ಎದೆಹಾಲು ಮಾತ್ರ ಸಾಕು. ಜೇನು ನೆಕ್ಕಿಸುವುದು ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷದೊಳಗಿನ ಮಕ್ಕಳ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಹೆರಿಗೆಯಾದ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳ ತಾಯಂದಿರಲ್ಲಿ ಉಂಟು. ಆದರೆ ಎರಡು ವಾರ ದಾಟಿದರೂ ದುಃಖ ಆರದಿದ್ದರೆ, ಕೂಸಿನ ಮೇಲೂ ಮನಸ್ಸಿಲ್ಲವೆನಿಸಿದರೆ, ಅದು ಸೋಗಲ್ಲ, ಕಾಯಿಲೆ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು.

ದೀಪಾವಳಿಯ ಹೊತ್ತಿಗೆ

ಪಾಡ್ಯಕ್ಕೆ ಹನ್ನೆರಡು ದಿನವಾಗಿದ್ದ ಕೂಸಿಗೆ ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಸರಿಸುಮಾರು ಆರು ವಾರ. ಅದು ಲಸಿಕೆಯ ವಾರ. ಹಬ್ಬವೆಂದು ಮುಂದೂಡುವುದು ಬೇಡ. ನಂತರದವು 10 ಮತ್ತು 14ನೆಯ ವಾರಗಳಿಗೆ. ಜೊತೆಗೇ ಪುಟ್ಟಿಯ ಕಾರ್ಡನ್ನೂ ತೆಗೆದು, 16ರಿಂದ 24 ತಿಂಗಳ ನಡುವಿನ ಲಸಿಕೆಗಳು ಆಗಿವೆಯೇ ಎಂದು ನೋಡಿಬಿಡಬೇಕು.

ಪಟಾಕಿಯ ವಿಷಯಕ್ಕೆ ಬಂದರೆ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 32 ಮೀಟರ್ ದೂರ ಹೋದರೂ 107 ಉಳಿದೀತು. ಲೆಕ್ಕ ಸ್ಪಷ್ಟ: ಕೂಸಿರುವ ಮನೆಯ ಅಂಗಳ ಪಟಾಕಿಗೆ ತಕ್ಕ ಜಾಗವಲ್ಲ. ಹೊಗೆಯ ಲೆಕ್ಕ ಬೇರೆ. ಈ ವರ್ಷಕ್ಕೆ ಹಣತೆಗಳು ಸಾಕು, ಅವೂ ಪುಟ್ಟಿಯ ಲಂಗಕ್ಕೆ ತಾಗದಷ್ಟು ಎತ್ತರದಲ್ಲಿ.

ಆರನೆಯ ವಾರಕ್ಕೆ ಇನ್ನೊಂದು ವಿಶೇಷವಿದೆ. ಹುಟ್ಟಿದಾಗ 20-30 ಸೆಂಟಿಮೀಟರ್ ದೂರದ್ದನ್ನಷ್ಟೇ ಒಂದಿಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ಕೂಸು, ಆರರಿಂದ ಎಂಟನೆಯ ವಾರದ ಸುಮಾರಿಗೆ ಎದುರಿನ ಮುಖ ಕಂಡು ನಗಲು ಕಲಿಯುತ್ತದೆ. ತೊಟ್ಟಿಲಿಗೆ ಅಷ್ಟು ಹತ್ತಿರ ಬಗ್ಗಿ ಇಣುಕುವವರು ಮನೆಯಲ್ಲಿ ಎಷ್ಟು ಮಂದಿ? ಪುಟ್ಟಿ ಅವರಲ್ಲೊಬ್ಬಳು. ಗದರಿಸಿ ದೂರ ಓಡಿಸದೆ ಹತ್ತಿರ ಕೂರಿಸಿಕೊಂಡ ಮನೆಯಲ್ಲಿ, ತಮ್ಮನ ಮೊದಲ ನಗೆಗಳಲ್ಲಿ ಒಂದಾದರೂ ಅಕ್ಕನ ಪಾಲಿಗೆ ಬರುತ್ತದೆ. ಮಡಿಲು ಹಂಚಿಹೋದ ದುಃಖವನ್ನು ಮರೆಸಲು ಅವಳಿಗೆ ಅದಕ್ಕಿಂತ ದೊಡ್ಡ ಹಬ್ಬದ ಉಡುಗೊರೆ ಬೇಕಿಲ್ಲ.