ಯಾವ ಹುಳುವಿಗೆ ಯಾವ ಎಲೆ?

ನಿಮ್ಮ ಹಿತ್ತಲಿನ ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳುವನ್ನು ನೋಡಿದ್ದೀರಾ? ಬೆಳೆಯುತ್ತಾ ಹಸಿರಾಗುವ ಇದು ನಿಂಬೆ ಚಿಟ್ಟೆಯ ಕಂಬಳಿಹುಳು. ಇದು ಕರಿಬೇವಿನ ಎಲೆಯನ್ನೂ ತಿನ್ನುತ್ತದೆ. ಆದರೆ ಪಕ್ಕದ ದಾಸವಾಳವನ್ನು ಮುಟ್ಟುವುದಿಲ್ಲ. ಏಕೆ? ನಿಂಬೆ ಮತ್ತು ಕರಿಬೇವು ಒಂದೇ ಕುಟುಂಬದ ಸಸ್ಯಗಳು. ಹತ್ತಿರದ ಸಂಬಂಧವಿರುವ ಸಸ್ಯಗಳ ಎಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ರಕ್ಷಕ ರಾಸಾಯನಿಕಗಳಿರುತ್ತವೆ. ಅವನ್ನು ಅರಗಿಸಿಕೊಳ್ಳಬಲ್ಲ ಹುಳುವಿಗೆ ಆ ಸಸ್ಯಗಳು ಆತಿಥೇಯಗಳು.

ಮೂರು ಕೋಟಿಯ ಲೆಕ್ಕ

ಹುಳುವಿನ ಈ ಆಯ್ಕೆಗೂ ಭೂಮಿಯಲ್ಲಿ ಎಷ್ಟು ಪ್ರಭೇದದ ಜೀವಿಗಳಿವೆ ಎಂಬ ಪ್ರಶ್ನೆಗೂ ನಂಟಿದೆ. ಅಮೆರಿಕದ ಕೀಟವಿಜ್ಞಾನಿ ಟೆರ‍್ರಿ ಅರ್ವಿನ್ ಪನಾಮಾದ ಕಾಡಿನಲ್ಲಿ ಒಂದೇ ಪ್ರಭೇದದ 19 ಮರಗಳಿಗೆ ಕೀಟನಾಶಕದ ಹೊಗೆ ಹಾಯಿಸಿದರು. ಕೆಳಗೆ ಬಿದ್ದ ದುಂಬಿಗಳು ಸುಮಾರು 1,200 ಪ್ರಭೇದಗಳವು! ಇವುಗಳಲ್ಲಿ 163 ಆ ಮರವನ್ನೇ ನೆಚ್ಚಿಕೊಂಡಿವೆ ಎಂದು ಅವರು ಭಾವಿಸಿದರು. ಉಷ್ಣವಲಯದ ಸುಮಾರು 50,000 ಮರ ಪ್ರಭೇದಗಳಿಗೆ ಈ ಲೆಕ್ಕವನ್ನು ಅನ್ವಯಿಸಿ, ಅಲ್ಲಿನ ಸಂಧಿಪದಿಗಳು 3 ಕೋಟಿ ಪ್ರಭೇದಗಳಿರಬಹುದೆಂದು 1982ರಲ್ಲಿ ಅಂದಾಜು ಮಾಡಿದರು. ಆದರೆ 163 ಎಂಬುದು ಕೇವಲ ಊಹೆ. ಅದು ತಪ್ಪಾದರೆ ಇಡೀ ಲೆಕ್ಕವೇ ತಪ್ಪುತ್ತದೆ.

ನ್ಯೂಗಿನಿಯ ಕಾಡಿನಲ್ಲಿ

ಊಹೆಯನ್ನು ಪರೀಕ್ಷಿಸುವುದು ಹೇಗೆ? ಹುಳುವಿಗೆ ಎಲೆ ಕೊಟ್ಟೇ ನೋಡಬೇಕು. ಪಪುವಾ ನ್ಯೂಗಿನಿಯ ಮಡಾಂಗ್ ಸುತ್ತಲಿನ ತಗ್ಗುನಾಡಿನ ಮಳೆಕಾಡಿನಲ್ಲಿ ಚೆಕ್ ವಿಜ್ಞಾನಿ ವೋಯ್ಟೆಕ್ ನೊವೊಟ್ನಿ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ತರಬೇತಿ ಪಡೆದ ಸ್ಥಳೀಯರು ಮರಗಳಲ್ಲಿ ಕಂಬಳಿಹುಳು, ದುಂಬಿ, ಮಿಡತೆಗಳನ್ನು ಕೈಯಿಂದಲೇ ಹುಡುಕಿ ತಂದರು. ಎಲೆಯ ಮೇಲೆ ಕುಳಿತ ಕೀಟವೆಲ್ಲ ಆ ಎಲೆಯನ್ನು ತಿನ್ನುತ್ತದೆ ಎನ್ನುವಂತಿಲ್ಲ. ಅದು ದಾರಿಹೋಕನೂ ಆಗಿರಬಹುದು. ಆದ್ದರಿಂದ ಪ್ರತಿ ಕೀಟಕ್ಕೂ ಅದು ಸಿಕ್ಕ ಮರದ ತಾಜಾ ಎಲೆಯನ್ನು ಕೊಟ್ಟು, ತಿಂದವನ್ನು ಮಾತ್ರ ಲೆಕ್ಕಕ್ಕೆ ಸೇರಿಸಿದರು. ಎಳೆಯ ಹುಳುವಿನ ಪ್ರಭೇದ ಗುರುತಿಸುವುದು ಕಷ್ಟ. ಹಾಗಾಗಿ ಅದನ್ನು ಪತಂಗವಾಗುವವರೆಗೆ ಸಾಕಬೇಕು. ಕೆಲವೊಮ್ಮೆ ಪತಂಗದ ಬದಲು, ಹುಳುವನ್ನು ಒಳಗಿಂದಲೇ ತಿಂದು ಬೆಳೆದ ಪರಾವಲಂಬಿ ಕಣಜ ಹೊರಬರುವುದೂ ಉಂಟು!

2002ರಲ್ಲಿ ಫಲಿತಾಂಶ ಪ್ರಕಟವಾಯಿತು. 51 ಸಸ್ಯ ಪ್ರಭೇದಗಳನ್ನು ತಿನ್ನುವ 900ಕ್ಕೂ ಹೆಚ್ಚು ಕೀಟ ಪ್ರಭೇದಗಳಲ್ಲಿ ಹೆಚ್ಚಿನವು ಹತ್ತಿರದ ಸಂಬಂಧವಿರುವ ಹಲವು ಸಸ್ಯಗಳನ್ನು ತಿನ್ನುತ್ತಿದ್ದವು, ನಮ್ಮ ನಿಂಬೆ ಚಿಟ್ಟೆಯ ಹುಳುವಿನಂತೆಯೇ. ಮಳೆಕಾಡಿನಲ್ಲಿ ಅತ್ತಿ, ಆಲಗಳ ಕುಲದಂತಹ ದೊಡ್ಡ ಕುಲಗಳು ಹೆಚ್ಚು. ಆದ್ದರಿಂದ ಒಂದೇ ಮರವನ್ನು ನೆಚ್ಚಿದ ಕೀಟಗಳು ಅಲ್ಲಿ ವಿರಳವೇ ಇರಬೇಕು. 3 ಕೋಟಿಯ ಅಂದಾಜು 40ರಿಂದ 60 ಲಕ್ಷಕ್ಕೆ ಇಳಿಯಿತು.

ಹಾಗಾದರೆ ಕೆಲವು ಮರ ಕಡಿದರೆ ನಷ್ಟವಿಲ್ಲವೇ? ಅವಸರದ ತೀರ್ಮಾನ ಬೇಡ. 2006ರಲ್ಲಿ ಇದೇ ತಂಡ ನ್ಯೂಗಿನಿಯ ಮರಗಳನ್ನು ಮಧ್ಯ ಯೂರೋಪಿನ ಮರಗಳೊಂದಿಗೆ ಹೋಲಿಸಿತು. ಒಂದೊಂದು ಮರ ಪ್ರಭೇದದ ಮೇಲಿನ ಕೀಟ ಪ್ರಭೇದಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ! ಅಂದರೆ ಮಳೆಕಾಡಿನ ಕೀಟವೈವಿಧ್ಯದ ಮೂಲ ಅಲ್ಲಿನ ಮರಗಳ ವೈವಿಧ್ಯವೇ. ಸಂಬಂಧಿ ಮರಗಳೆಲ್ಲ ಹೋದರೆ ಅವನ್ನು ನೆಚ್ಚಿದ ಹುಳುಗಳೂ, ಹುಳುಗಳನ್ನು ನೆಚ್ಚಿದ ಕಣಜಗಳೂ ಹೋಗುತ್ತವೆ. ಅವುಗಳಲ್ಲಿ ಎಷ್ಟೋ ಕೀಟಗಳಿಗೆ ನಾವಿನ್ನೂ ಹೆಸರೇ ಇಟ್ಟಿಲ್ಲ.

ನೀವೂ ಪರೀಕ್ಷಿಸಿ. ನಿಂಬೆಯ ಹುಳುವೊಂದನ್ನು ಎಲೆಸಹಿತ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನವೂ ತಾಜಾ ಎಲೆ ಕೊಡಿ. ಏನು ತಿಂದಿತು, ಏನಾಯಿತು ಎಂದು ದಿನಾಂಕ ಸಹಿತ ಬರೆದಿಡಿ. ಕೂದಲುಳ್ಳ ಹುಳುಗಳನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಹೊರಬರುವುದು ಚಿಟ್ಟೆಯೋ, ಕಣಜವೋ?